ಮನೆಗೊಂದು ಕೊಡ

ದೊಡ್ಡವರು ಗ್ರಂಥಗಳನ್ನೇ ಬರೆದು ಚರ್ಚಿಸಿದ ವಿಷಯವನ್ನು ಒಂದು ಹಳೆಯ ಕಟ್ಟಡದ ನೀರಿನ ಟ್ಯಾಂಕಿನ ಬುಡಕ್ಕೆ ಎಳೆದು ತರುವುದು ಅಧಿಕಪ್ರಸಂಗವೇ ಸರಿ. ಹಗಲು ಹೊತ್ತಿನ ಕಾಲೇಜಿನಲ್ಲಿ ಕ್ರಮವಾಗಿ ಓದಿದವರು ಇದರಲ್ಲಿ ತಪ್ಪು ಕಂಡರೆ ಮನ್ನಿಸಬೇಕು. ಹೇಳದೆ ಸುಮ್ಮನಿರೋಣವೆಂದರೆ, ಗೋಡೆಗೆ ಬಣ್ಣ ಬಳಿಯುವ ಬಣ್ಣದವನ ಹೆಂಡತಿ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತದ್ದು ಕಣ್ಣ ಮುಂದಿನಿಂದ ಸರಿಯುವುದಿಲ್ಲ.

ಅವಳು ಏನನ್ನೂ ಕೇಳಲಿಲ್ಲ. ಹೆಗಲ ಮೇಲೆ ಹಸುಗೂಸು ಮಲಗಿತ್ತು. ಇನ್ನೊಂದು ಕೈಯಲ್ಲಿ ಕೊಡ ತಲೆಕೆಳಗಾಗಿ ತೂಗುತ್ತಿತ್ತು. ಬಾಗಿಲು ತೆರೆದ ಕನ್ನಡಕದವಳಿಗೆ ಒಳಗೆ ಕರೆಯಬೇಕೋ ಬಾಗಿಲು ಮುಚ್ಚಬೇಕೋ ತಿಳಿಯದೆ ಕೈ ಚಿಲಕದ ಮೇಲೇ ಉಳಿಯಿತು. ಚೌಕದ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳಾದ್ದರಿಂದ ಕಟ್ಟಡದವರಿಗೆಲ್ಲ ಅವಳು ಕನ್ನಡಕದವಳು.

"ಯಾರದು?" ಅಡುಗೆಮನೆಯಿಂದ ಅತ್ತಿಗೆ ಕೇಳಿದರು.

"ಮೂರನೇ ಮಹಡಿಯವರು."

ಪಾತ್ರೆ ತೊಳೆಯುವ ಸದ್ದು ನಿಂತಿತು. "ಬಾಗಿಲು ಹಾಕು."

"ಅತ್ತಿಗೇ, ಮಗು..."

"ನಂಗೇನು ಕಣ್ಣಿಲ್ವಾ? ಹಾಕು ಅಂದೆ. ನಿಮ್ಮಣ್ಣ ಹೇಳಿದ್ದು ನಂಗೂ ಒಂದೇ, ನಿಂಗೂ ಒಂದೇ."

ಬಣ್ಣದವನ ಹೆಂಡತಿ ತಾನಾಗಿಯೇ ಹಿಂದೆ ಸರಿದಳು. "ಪರವಾಗಿಲ್ಲಕ್ಕ. ಆಚೆ ಬೀದಿ ನಲ್ಲಿಗೆ ಹೋಗ್ತೀನಿ. ಸುಮ್ನೆ ಒಂದ್ಸಲ ನೋಡೋಣ ಅಂತ ಬಂದೆ" ಎಂದಳು, ತಾನೇ ಏನೋ ತಪ್ಪು ಮಾಡಿದವಳ ಹಾಗೆ. ಇಳಿಯುವಾಗ ಕೊಡ ಮೆಟ್ಟಿಲ ಕಂಬಿಗೆ ತಾಗಿ ಡಣ್ಣೆಂದಿತು. ಆ ಸದ್ದಿಗೆ ಕೆಳಗೆ ಎರಡು ಬಾಗಿಲು ತೆರೆದವು. ಯಾರೆಂದು ನೋಡಿದ ಕೂಡಲೇ ಮುಚ್ಚಿಕೊಂಡವು.

ಬಣ್ಣದವನ ಮನೆಗೆ ನೀರು ನಿಲ್ಲಿಸಿದ್ದು ಕನ್ನಡಕದವಳ ಅಣ್ಣ. ಅವನಿಗೆ ಆ ಅಧಿಕಾರ ಬರುವಂತೆ ಮಾಡಿದ್ದು ಕನ್ನಡಕದವಳೇ.

ಕಟ್ಟಡದಲ್ಲಿ ಎಂಟು ಮನೆಗಳಿದ್ದವು. ಮಾಲೀಕ ಸತ್ತ ಮೇಲೆ ಅವನ ಮಕ್ಕಳು ಕೋರ್ಟು ಹತ್ತಿದ್ದರು. ಬಾಡಿಗೆ ಕೇಳುವವರೂ ಇಲ್ಲ, ಸುಣ್ಣ ಬಳಿಸುವವರೂ ಇಲ್ಲ. ತಾರಸಿಯ ಟ್ಯಾಂಕಿನಿಂದ ಎಲ್ಲ ಮನೆಗಳಿಗೂ ಒಂದೇ ಪೈಪು ಇಳಿದಿತ್ತು. ಕೆಳಗಿನವರು ನಲ್ಲಿ ತಿರುಗಿಸಿದರೆ ಮೇಲಿನವರಿಗೆ ಬರೀ ಗಾಳಿ. ಮೇಲಿನವರು ತಾರಸಿಗೆ ಹೋಗಿ ಪೈಪಿನ ಬಾಯಿಗೆ ಬಟ್ಟೆ ತುರುಕುತ್ತಿದ್ದರು, ಕೆಳಗಿನವರು ಹೋಗಿ ಕೀಳುತ್ತಿದ್ದರು. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುವುದು ಹೋಗಿ ಬೈಯುವುದು, ಬೈಯುವುದು ಹೋಗಿ ತಳ್ಳುವುದು ಬಂತು. ಕೊನೆಗೊಂದು ದಿನ ಆಸ್ಪತ್ರೆಯ ದಾದಿ ಕೆಲಸದಿಂದ ನಿವೃತ್ತರಾಗಿದ್ದ ದಾದಮ್ಮ, ಎಲ್ಲರಿಗೂ ಬೇಕಾದವರು, ಎರಡು ಬಕೆಟ್ಟುಗಳ ಜಗಳದ ನಡುವೆ ಸಿಕ್ಕಿ ಉರುಳಿಬಿದ್ದು ಸೊಂಟ ಮುರಿದುಕೊಂಡರು. ಯಾರ ಬಕೆಟ್ಟು ತಾಗಿತು ಎಂದು ಯಾರೂ ಒಪ್ಪಲಿಲ್ಲ.

ಅದೇ ತಿಂಗಳು, ಅಂಗಡಿ ಕೆಲಸ ಮುಗಿಸಿ ಕನ್ನಡಕದವಳು ಹೋಗುತ್ತಿದ್ದ ಸಂಜೆ ಕಾಲೇಜಿನಲ್ಲಿ ಜ್ಞಾನೋದಯ ಯುಗದ ಪಾಠ ಶುರುವಾಗಿತ್ತು. ಆ ತತ್ವಜ್ಞಾನಿಗಳ ಹೆಸರು ಕನ್ನಡಕದವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವಳು ತನಗೆ ತಿಳಿದ ಹಾಗೆ ಹೆಸರಿಟ್ಟುಕೊಂಡಿದ್ದಳು. ಒಬ್ಬ ಹೆದರಿದವನು: ಅಂಕೆಯಿಲ್ಲದಿದ್ದರೆ ಮನುಷ್ಯರು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಾರೆ, ಆದ್ದರಿಂದ ಎಲ್ಲರೂ ತಮ್ಮ ಬಲವನ್ನು ಒಬ್ಬನ ಕೈಗೆ ಕೊಟ್ಟುಬಿಡಬೇಕು ಎಂದವನು. ಇನ್ನೊಬ್ಬ ನಂಬಿದವನು: ಮೈಮುರಿದು ದುಡಿದದ್ದು ದುಡಿದವನದು, ಅದನ್ನು ಕಾಯಲೆಂದೇ ಸರ್ಕಾರ, ಕಾಯದಿದ್ದರೆ ಕೊಟ್ಟ ಅಧಿಕಾರ ವಾಪಸು ಎಂದವನು. ಮೂರನೆಯವನು ಮುನಿದವನು: ಮನುಷ್ಯ ಮೂಲದಲ್ಲಿ ಒಳ್ಳೆಯವನೇ, ಬೇಲಿ ಹಾಕಿಕೊಂಡು ಕೆಟ್ಟ ಎಂದವನು. ಇವರ ಜೊತೆಗೆ ಒಬ್ಬ ಸಂಶಯದವನೂ ಇದ್ದ. ಪರೀಕ್ಷೆಗೆ ಅವನು ಬರುವುದಿಲ್ಲವೆಂದು ಎಲ್ಲರೂ ಅವನನ್ನು ಬಿಟ್ಟಿದ್ದರು.

ದಾದಮ್ಮ ಬಿದ್ದ ವಾರ ಅವಳು ಹೆದರಿದವನ ಪಾಠ ಕೇಳಿ ಬಂದವಳೇ ಎಂಟೂ ಮನೆಯವರನ್ನು ತಾರಸಿಗೆ ಕರೆದಳು. ಪ್ರತಿ ಮನೆಗೂ ಬೇರೆ ಬೇರೆ ಪೈಪು, ಬೇರೆ ಬೇರೆ ವಾಲ್ವು. ವಾಲ್ವುಗಳಿಗೆಲ್ಲ ಸೇರಿ ಒಂದು ಕಬ್ಬಿಣದ ಜಾಲರಿಯ ಗೂಡು, ಗೂಡಿಗೆ ಒಂದು ಬೀಗ, ಬೀಗದ ಕೈ ಒಬ್ಬರ ಹತ್ತಿರ. ಒಪ್ಪುವವರು ಮನೆಗೊಂದು ಕೊಡ ತಂದು ಟ್ಯಾಂಕಿನ ಮುಂದಿಡಲಿ ಎಂದಳು. ಮನೆಗೊಂದು ಯಾಕೆಂದರೆ, ಜನ ಹೆಚ್ಚಿದ್ದ ಮನೆಯ ಮಾತೇ ನಡೆಯಬಾರದಲ್ಲ. ಒಂದೊಂದಾಗಿ ಎಂಟು ಕೊಡ ಬಂದು ಕೂತವು; ಹಾಸಿಗೆ ಹಿಡಿದಿದ್ದ ದಾದಮ್ಮನದನ್ನು ಪಕ್ಕದವರು ಹೊತ್ತು ತಂದರು. ಬೀಗದ ಕೈ ಯಾರಿಗೆಂದು ಕೇಳಬೇಕಾಗಲೇ ಇಲ್ಲ. ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದ ಅವಳ ಅಣ್ಣನೇ ಅಷ್ಟೂ ಪೈಪು ಜೋಡಿಸುವವನು. ಬೀಗದ ಜೊತೆ ಬಂದಿದ್ದ ಎರಡನೆಯ ಕೈಯನ್ನು ಎಲ್ಲರೆದುರು ಸುತ್ತಿಗೆಯಿಂದ ಚಪ್ಪಟೆ ಮಾಡಿದರು. ಅದೂ ಅವಳ ಸಲಹೆಯೇ. ಕೈ ಎರಡಿದ್ದರೆ ಅನುಮಾನವೂ ಎರಡು ಎಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಅಣ್ಣ ಚೆನ್ನಾಗಿಯೇ ನಡೆಸಿದ. ಇದನ್ನು ಮರೆಮಾಚಿದರೆ ಅನ್ಯಾಯವಾಗುತ್ತದೆ. ಬೆಳಕು ಹರಿಯುವ ಮುಂಚೆ ಎದ್ದು ಮೋಟಾರು ಹಾಕುತ್ತಿದ್ದ, ರಜೆಯ ದಿನ ಟ್ಯಾಂಕಿನೊಳಗೆ ಇಳಿದು ಪಾಚಿ ಕೆರೆಯುತ್ತಿದ್ದ, ಮೋಟಾರು ಸುಟ್ಟಾಗ ತಾನೇ ಕೂತು ತಂತಿ ಸುತ್ತಿದ. ಮೆಟ್ಟಿಲಲ್ಲಿ ಜನ ಮತ್ತೆ ಮಾತಾಡತೊಡಗಿದರು. ಬೈಗುಳಕ್ಕೂ ಕೀಲೆಣ್ಣೆ ಹಚ್ಚಿದ ಹಾಗೆ ಆಗಿದೆ ಎಂದು ದಾದಮ್ಮ ನಗುತ್ತಿದ್ದರು.

ಆಮೇಲೆ ಟ್ಯಾಂಕಿನ ನೀರು ಬೆಳಗಾಗುವಷ್ಟರಲ್ಲಿ ಗೇಣು ಗೇಣು ಇಳಿಯತೊಡಗಿತು. ಅಣ್ಣ ಪೈಪುಗಳನ್ನೆಲ್ಲ ಮುಟ್ಟಿ ನೋಡಿದ, ಎಲ್ಲೂ ಸೋರಿಕೆ ಇರಲಿಲ್ಲ. ತಾರಸಿಯ ಅಂಚಿನಿಂದ ಬಗ್ಗಿದಾಗ, ಸರಿಯಾಗಿ ಕೆಳಗಿದ್ದ ಬಣ್ಣದವನ ಬಾಲ್ಕನಿಯಲ್ಲಿ ಸುತ್ತಿಟ್ಟ, ಟ್ಯಾಂಕಿನವರೆಗೆ ಮುಟ್ಟುವಷ್ಟು ಉದ್ದದ ಹಸಿರು ಪೈಪು ಕಂಡಿತು. ಹೋಗಿ ಮುಟ್ಟಿದರೆ ಒದ್ದೆ. ಗೋಡೆಗೆ ಬಣ್ಣ ಬಳಿಯುವವನ ಮನೆಯಲ್ಲಿ ಪೈಪು ಇರುವುದು ಆಶ್ಚರ್ಯವಲ್ಲ, ಆದರೆ ಅಣ್ಣನಿಗೆ ಅಷ್ಟು ಸಾಕಾಯಿತು. ಆ ಮನೆಯ ವಾಲ್ವು ಮುಚ್ಚಿದ. ಬಣ್ಣದವನು ಹತ್ತಿ ಬಂದು, "ಯಾರ ಅಪ್ಪನ ಟ್ಯಾಂಕೋ ಇದು? ಬೀಗ ಕೊಟ್ರೆ ಮಾಲೀಕನಾಗಿಬಿಟ್ಯಾ?" ಎಂದು ಕೂಗಾಡಿದ. ಎಲ್ಲರೂ ಕೇಳಿಸಿಕೊಂಡರು. ಎಲ್ಲರೆದುರು ಕ್ಷಮೆ ಕೇಳುವವರೆಗೆ ನೀರಿಲ್ಲ ಎಂದ ಅಣ್ಣ. ಹಾಗೆಯೇ ಇನ್ನೊಂದು ಮಾತು ಸೇರಿಸಿದ: ಬಂದ್ ಆದ ಮನೆಗೆ ನೀರು ಕೊಟ್ಟವರ ವಾಲ್ವೂ ಬಂದ್.

ಆ ಎರಡನೆಯ ಮಾತನ್ನು ಮನೆ ಮನೆಗೆ ಹೋಗಿ ಹೇಳಿಬಂದವಳು ಕನ್ನಡಕದವಳೇ. ಅಣ್ಣ ಹೇಳು ಎಂದಿದ್ದ, ಅವಳು ಹೇಳಿದ್ದಳು.

ಖಾಲಿ ಕೊಡ ಬಾಗಿಲಿಗೆ ಬಂದ ಆ ದಿನ ಅಂಗಡಿಯಲ್ಲಿ ಅವಳ ಗಮನ ಕೆಲಸದ ಮೇಲಿರಲಿಲ್ಲ. ಗಾಜನ್ನು ತಿರುಗುವ ಚಕ್ರಕ್ಕೆ ಒತ್ತಿ ಅಂಚು ಉಜ್ಜುವಾಗ ಮೇಲಿಂದ ನೀರು ತೊಟ್ಟಿಕ್ಕುತ್ತಿರಬೇಕು. ಆ ನೀರಿನ ಪುಟ್ಟ ಡಬ್ಬಿ ಖಾಲಿಯಾದದ್ದನ್ನು ಅವಳು ನೋಡಲಿಲ್ಲ. ಗಾಜು ಕಾದು ಚಟ್ ಎಂದು ಸೀಳಿತು. "ನೀರಿಲ್ದೆ ಉಜ್ಜಿದ್ರೆ ಇನ್ನೇನಾಗುತ್ತೆ? ನಿದ್ದೆ ಮಾಡ್ತಿದ್ಯಾ?" ಎಂದು ಅಂಗಡಿಯವನು ಗದರಿದ. ಅವಳು ಚೂರುಗಳನ್ನು ಕಾಗದದಲ್ಲಿ ಕಟ್ಟಿ ಮೂಲೆಯಲ್ಲಿಟ್ಟಳು.

ಸಂಜೆ ತರಗತಿಯಲ್ಲಿ, ಎಂದೂ ಕೈ ಎತ್ತದವಳು ಎತ್ತಿದಳು. "ಮೇಡಂ, ಅಧಿಕಾರ ಕೊಟ್ಟವರು ವಾಪಸು ತಗೋಬೇಕು ಅಂದ್ರೆ ಹೇಗೆ ತಗೋಬೇಕು?"

ನೆಗಡಿಯಿಂದ ಮೂಗು ಕೆಂಪಾಗಿದ್ದ ಮೇಡಂ ಕರವಸ್ತ್ರ ಮಡಚಿದರು. "ಮೊದಲನೆಯವನು ತಗೋಬಾರದು ಅಂತಾನೆ. ತಗೊಂಡ್ರೆ ಮತ್ತೆ ಕಾಡೇ. ಎರಡನೆಯವನು, ನಂಬಿಕೆ ಮುರಿದ್ರೆ ತಗೋಬಹುದು ಅಂತಾನೆ."

"ತಗೋಬಹುದು, ಸರಿ. ಆದ್ರೆ ಹೇಗೆ? ಉದಾಹರಣೆಗೆ... ನೀರಿನ ವಾಲ್ವು ಒಬ್ಬನ ಹತ್ರ ಇದೆ ಅಂದ್ಕೊಳ್ಳಿ..."

"ಅದಕ್ಕೆ ಪ್ಲಂಬರ್‌ನ ಕರೀರಿ, ತತ್ವಜ್ಞಾನಿ ಯಾಕೆ?" ಹಿಂದಿನ ಬೆಂಚಿನ ಹೋಟೆಲ್ ಅಡುಗೆಯವನು ಅಂದ. ತರಗತಿ ಗೊಳ್ಳೆಂದಿತು.

ಮೇಡಂ ನಗಲಿಲ್ಲ. "ಒಪ್ಪಂದ ಮಾಡ್ಕೊಂಡಾಗ ವಾಪಸು ತಗೊಳ್ಳೋದು ಹೇಗೆ ಅಂತ ನೀವು ಮಾತಾಡಿದ್ರಾ?"

"ಇಲ್ಲ ಮೇಡಂ."

"ಒಬ್ಬ ತಪ್ಪು ಮಾಡಿದ ಅಂತ ಯಾರು ತೀರ್ಮಾನ ಮಾಡ್ಬೇಕು ಅಂತ?"

ಅವಳು ಕೂತುಬಿಟ್ಟಳು.

ರಾತ್ರಿಯ ಊಟಕ್ಕೆ ಕೂತಾಗ ಅಣ್ಣನ ಕೊರಳಿನ ದಾರದಲ್ಲಿ ಬೀಗದ ಕೈ ಜೋತಾಡುತ್ತಿತ್ತು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವನಿಗಿನ್ನೂ ಮೀಸೆ ಬಂದಿರಲಿಲ್ಲ. ತಂಗಿಗೆ ಜಡೆ ಹಾಕುವುದನ್ನು ಕಲಿತು, ರಿಬ್ಬನ್ ಸಿಗದ ದಿನ ತಂತಿಯಿಂದ ಬಿಗಿದು ಶಾಲೆಗೆ ಕಳಿಸಿದವನು. ಅವನೆದುರು ಅವಳು ಎಂದೂ ದನಿಯೆತ್ತಿದವಳಲ್ಲ.

"ಅಣ್ಣ, ಅವನು ನೀರು ಎಳೆದಿದ್ದನ್ನ ನೀನ್ ನೋಡಿದ್ಯಾ?"

"ನೋಡೋದೇನಿದೆ? ನೀರು ಇಳೀತು. ಪೈಪು ಒದ್ದೆ ಇತ್ತು."

"ಒಂದರ ಪಕ್ಕ ಇನ್ನೊಂದನ್ನ ನೋಡಿದ್ಯ. ಒಂದರಿಂದ ಇನ್ನೊಂದು ಆಗಿದ್ದನ್ನ ನೋಡಿಲ್ಲ." ಪರೀಕ್ಷೆಗೆ ಬರದ ಸಂಶಯದವನ ಮಾತು ಅದು. ಅವಳಿಗೇ ಆಶ್ಚರ್ಯವಾಯಿತು.

"ಅವನ ವಾಲ್ವು ಮುಚ್ಚಿದ್ಮೇಲೆ ನೀರು ಇಳಿಯೋದು ನಿಂತಿದೆ. ಅದಕ್ಕೇನಂತಾರೆ ನಿಮ್ ಕಾಲೇಜಲ್ಲಿ?"

ಅತ್ತಿಗೆ ಗಂಡನ ತಟ್ಟೆಗೆ ಬಡಿಸುತ್ತಾ, "ಒಂದ್ ಕ್ಷಮೆ ಕೇಳಕ್ಕೆ ಅವನಿಗೇನು ಬಾಯಿ ಸವೆಯುತ್ತಾ?" ಎಂದರು.

"ಕದ್ದಿಲ್ಲದಿದ್ರೆ ಯಾಕತ್ತಿಗೆ ಕೇಳ್ಬೇಕು? ಅಣ್ಣ, ನಿನ್ನ ಬೈದಿದ್ದು ಅವನು. ತೀರ್ಪು ಕೊಡೋನೂ ನೀನೇ ಆದ್ರೆ ಹೇಗೆ?"

ಅಣ್ಣ ತಟ್ಟೆಯಿಂದ ಕೈ ತೆಗೆದ. "ಆ ಗೂಡಲ್ಲಿರೋ ಒಂದೊಂದು ವಾಲ್ವೂ ನಾನ್ ಕೂರಿಸಿದ್ದು, ಪುಟ್ಟಿ. ಆ ಮೋಟಾರಿನ ಒಂದೊಂದು ಸುತ್ತು ತಂತಿ ನಾನ್ ಸುತ್ತಿದ್ದು. ಇವರೆಲ್ಲ ಮಲಗಿರೋವಾಗ ನಾನ್ ಎದ್ದಿದ್ದೀನಿ. ಬೆವರು ನಂದು, ಬೈಗುಳಾನೂ ನಂಗೇನಾ?" ದನಿ ತಗ್ಗಿಸಿದ. "ಮಗುವಿನ ಅಳು ನಂಗೂ ಕೇಳ್ಸುತ್ತೆ. ಆದ್ರೆ ಇವತ್ತು ಸುಮ್ನೆ ಬಿಟ್ರೆ ನಾಳೆ ಇನ್ನೊಬ್ಬ ಪೈಪು ಇಳಿಬಿಡ್ತಾನೆ. ನಾಡಿದ್ದು ಮತ್ತೆ ಮೆಟ್ಟಿಲ ಮೇಲೆ ಬಕೆಟ್ಟು. ದಾದಮ್ಮ ಬಿದ್ದಾಗ ಎತ್ಕೊಂಡು ಹೋದವನು ನಾನು. ಆ ಕೂಗು ನೀನ್ ಕೇಳಿಲ್ಲ."

ಅವನಲ್ಲಿ ಹೆದರಿದವನೂ ಇದ್ದ, ನಂಬಿದವನೂ ಇದ್ದ. ಇಬ್ಬರೂ ಅವಳ ವಿರುದ್ಧವೇ ಇದ್ದರು.

ಮರುದಿನ ಅವಳು ಒಬ್ಬಳೇ ಮನೆ ಮನೆಗೆ ಹೋದಳು. ಕೊಡ ಇಟ್ಟೇ ಒಪ್ಪಿದ್ದೆವು, ಭಾನುವಾರ ಮತ್ತೆ ಕೊಡ ಇಟ್ಟು, ಬಣ್ಣದವರ ವಾಲ್ವು ತೆರೆಯಬೇಕೆಂದು ಕೇಳೋಣ ಎಂದಳು. ಕೆಲವರು ನೋಡೋಣ ಎಂದರು. ಒಬ್ಬರು ಬಾಗಿಲನ್ನು ಪೂರ್ತಿ ತೆರೆಯಲೇ ಇಲ್ಲ. ದಾದಮ್ಮ, "ನಾನ್ ಇಡ್ತೀನಿ ಮಗಾ, ಆದ್ರೆ ನಿಮ್ಮಣ್ಣನ ಮುಖ ನೋಡಕ್ಕಾಗಲ್ಲ" ಎಂದು ಕಣ್ಣೊರೆಸಿಕೊಂಡರು. ಕೆಳಗಿನ ಮನೆಯಲ್ಲಿ ರೈಲ್ವೆಯ ಟಿಕೆಟ್ ತಪಾಸಣೆಯವರಿದ್ದರು. ಮನೆಯಲ್ಲೂ ಕೆಲಸದ ಕೋಟು ಬಿಚ್ಚದವರು, ಅಣ್ಣನ ಪರವಾಗಿ ಅಣ್ಣನಿಗಿಂತ ಜೋರಾಗಿ ಮಾತಾಡುವವರು. ಅವರು ಮಾತ್ರ ಅವಳನ್ನು ಕೂರಿಸಿ ಪೂರ್ತಿ ಕೇಳಿದರು.

"ಬಹಳ ಸರಿ. ಮನೆಗೊಂದು ಕೊಡ. ನಿಯಮ ನಿಂದೇ ಅಲ್ವಾ?"

"ಹೌದು ಸಾರ್."

"ನಿಮ್ಮನೆ ಕೊಡ ಯಾರು ಇಟ್ಟಿದ್ದು?"

"ಅಣ್ಣ."

"ಈಗ್ಲೂ ಅವನೇ ಇಡ್ಬೇಕು. ನಿನ್ ಕೊಡ ಎಲ್ಲಮ್ಮ?" ಟಿಕೆಟ್ ಸಾಹೇಬರು ಟಿಕೆಟ್ಟಿಲ್ಲದವರನ್ನು ಹಿಡಿದಾಗಿನ ತೃಪ್ತಿಯಿಂದ ಹಿಂದಕ್ಕೆ ಒರಗಿದರು. "ಇಲ್ಲದೇ ಇರೋ ಕೊಡ ಇಟ್ಕೊಂಡು ಊರೆಲ್ಲ ಸುತ್ತುತ್ತಿದ್ಯಲ್ಲ!"

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಅಷ್ಟು ಹುಮ್ಮಸ್ಸಿನಿಂದ ನಿಯಮ ಹೇಳಿದ ದಿನ, ಎಂಟು ಕೊಡಗಳನ್ನು ಎಣಿಸಿ ಹಿಗ್ಗಿದ ದಿನ, ಅದರಲ್ಲಿ ತನ್ನದೊಂದಿಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅತ್ತಿಗೆಯದೂ ಇರಲಿಲ್ಲ. ಬಣ್ಣದವನ ಹೆಂಡತಿಯದಂತೂ ಇರಲೇ ಇಲ್ಲ. ಮೂವರು ತತ್ವಜ್ಞಾನಿಗಳಲ್ಲಿ ಯಾರ ಮನೆಯಲ್ಲಿ ಯಾರು ಕೊಡ ಹೊರುತ್ತಿದ್ದರೋ ಪುಸ್ತಕದಲ್ಲಿ ಬರೆದಿರಲಿಲ್ಲ.

ಕೊಡ ಇಟ್ಟು ಕೇಳುವ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ಭಾನುವಾರ ಬೆಳಿಗ್ಗೆ ಎಲ್ಲರೂ ಮನೆಯಲ್ಲಿದ್ದರು. ಅತ್ತಿಗೆ ಬಚ್ಚಲಿಗೆ ಹೋದ ಮೇಲೆ ಕನ್ನಡಕದವಳು ಅಡುಗೆಮನೆಯ ಕೊಡವನ್ನು ನಲ್ಲಿಯ ಕೆಳಗಿಟ್ಟು ತುಂಬಿದಳು. ಕದ್ದು ಕೊಡುವುದಾದರೆ ಎಂದೋ ಕೊಡಬಹುದಿತ್ತು, ಆದರೆ ಹಾಗೆ ಕೊಟ್ಟ ನೀರಿನಿಂದ ಮಗುವಿನ ಬಾಯಿ ಒದ್ದೆಯಾಗುತ್ತಿತ್ತೇ ಹೊರತು ಇನ್ನೇನೂ ಆಗುತ್ತಿರಲಿಲ್ಲ ಎಂದು ಅವಳು ಯೋಚಿಸಿದ್ದಳು. ಕೊಡವನ್ನು ಸೊಂಟಕ್ಕೇರಿಸಿ, ಬಾಗಿಲನ್ನು ಹಾರುಹೊಡೆದು ತೆರೆದಿಟ್ಟು, ಮೆಟ್ಟಿಲು ಹತ್ತಿದಳು.

ಮೋಟಾರು ಹಾಕಿ ತಾರಸಿಯಿಂದ ಇಳಿಯುತ್ತಿದ್ದ ಅಣ್ಣ ಮೂರನೇ ಮಹಡಿಯ ತಿರುವಿನಲ್ಲಿ ಎದುರಾದ.

"ಎಲ್ಲಿಗೆ ಪುಟ್ಟಿ?"

"ಇಲ್ಲಿಗೇ."

"ಕೊಡ ಇಳಿಸು."

"ಇಳಿಸ್ತೀನಿ. ಅವರ ಹೊಸ್ತಿಲ ಒಳಗೆ."

"ನಾನ್ ಏನ್ ಹೇಳಿದ್ದೆ ಗೊತ್ತಲ್ವಾ?"

"ಗೊತ್ತಣ್ಣ. ನಾನೇ ಎಲ್ಲರಿಗೂ ಹೇಳಿ ಬಂದಿದ್ದು. ಕೊಟ್ಟವರ ವಾಲ್ವೂ ಬಂದ್." ಅವಳು ಕೊಡವನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು. "ಮುಚ್ಚು."

ಎದುರಿಗೂ ಕೆಳಗೂ ಬಾಗಿಲುಗಳು ಬಿರುಕಿನಷ್ಟು ತೆರೆದಿದ್ದವು. ಬಣ್ಣದವನ ಹೆಂಡತಿ ಹೊಸ್ತಿಲಲ್ಲಿ ಬಂದು ನಿಂತಳು. ಅವಳು ಕೊಡವನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ, ಬೇಡವೆನ್ನಲೂ ಇಲ್ಲ. ಕನ್ನಡಕದವಳು ಬಗ್ಗಿ ಕೊಡವನ್ನು ಒಳಗಿಟ್ಟಳು. ತುಳುಕಿದ ನೀರು ಅಣ್ಣನ ಕಾಲಿನವರೆಗೂ ಹರಿದು ಬಂತು. ಅವನು ಅದನ್ನು ನೋಡಿದ, ತಂಗಿಯ ಮುಖ ನೋಡಿದ, ತೆರೆದ ಬಾಗಿಲುಗಳನ್ನು ನೋಡಿದ. ಕೊರಳಿನ ದಾರ ಎಳೆದು ಬೀಗದ ಕೈ ತೆಗೆದವನೇ ತಿರುಗಿ ಮೇಲಕ್ಕೆ ಹತ್ತಿದ. ಅವನು ಹಾಗೆ ಮಾಡುತ್ತಾನೆಂದು ಅವಳು ಅಂದುಕೊಂಡಿದ್ದಳೋ, ಮಾಡುವುದಿಲ್ಲವೆಂದು ಅಂದುಕೊಂಡಿದ್ದಳೋ, ಆಮೇಲೆ ಅವಳಿಗೇ ಹೇಳಲಾಗಲಿಲ್ಲ. ಜಾಲರಿಯ ಬಾಗಿಲು ಕಿರ್ರೆಂದಿತು.

ಸ್ವಲ್ಪ ಹೊತ್ತಿಗೆ ಅತ್ತಿಗೆ ತಲೆತುಂಬ ಸೋಪಿನ ನೊರೆ, ಮೈಗೆ ಸೀರೆ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ಮೆಟ್ಟಿಲಿಗೇ ಬಂದುಬಿಟ್ಟರು. "ನೀರು ನಿಂತೋಯ್ತು! ರೀ! ನಮ್ಮನೆದೇ ನಿಲ್ಲಿಸಿದ್ರಾ? ಅಣ್ಣ ತಂಗಿ ಸೇರ್ಕೊಂಡು ನನ್ ತಲೆ ಮೇಲೆ ಆಡ್ತಿದ್ದೀರಾ?"

"ನಿನ್ ನಾದಿನೀನ ಕೇಳು" ಎಂದು ಮೇಲಿನಿಂದ ಅಣ್ಣನ ದನಿ ಬಂತು.

"ನಾದಿನಿ ಸುಡ್ಲಿ, ನನ್ ಕಣ್ಣು ಉರೀತಿದೆ!"

ಎದುರು ಮನೆಯಿಂದ ಕೋಲೂರಿಕೊಂಡು ದಾದಮ್ಮ ಹೊರಬಂದರು, ಇನ್ನೊಂದು ಕೈಯಲ್ಲಿ ಚೊಂಬು. ಅಣ್ಣ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ. "ದಾದಮ್ಮಾ, ಬೇಡ. ನೀವ್ ಕೊಡ್ಬೇಡಿ."

"ಸೋಪು ಕಣ್ಣಿಗೆ ಹೋಗಿದೆ ಕಣೋ. ಮೊದ್ಲು ಕಣ್ಣು. ಕಾನೂನು ಆಮೇಲೆ." ದಾದಮ್ಮ ಅತ್ತಿಗೆಯ ತಲೆ ಬಗ್ಗಿಸಿ, ಆಸ್ಪತ್ರೆಯಲ್ಲಿ ಎಷ್ಟೋ ಜನಕ್ಕೆ ಮಾಡಿದ ಹಾಗೆ, ಅಂಗೈ ಅಡ್ಡ ಹಿಡಿದು ನಿಧಾನವಾಗಿ ನೀರು ಹೊಯ್ದರು. ನೊರೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. "ಈಗ ಹೋಗಿ ನಂದೂ ಮುಚ್ಚು. ನಿನ್ ಮಾತು ಉಳೀಬೇಕಲ್ಲ."

ಅಣ್ಣ ಗೋಡೆಗೆ ಕೈಯೂರಿ ನಿಂತ. ಯಾರ ಸೊಂಟ ಇನ್ನೊಮ್ಮೆ ಮುರಿಯಬಾರದೆಂದು ಅವನು ಇಷ್ಟೆಲ್ಲ ಕಾದಿದ್ದನೋ ಅವರೇ ಕೋಲೂರಿಕೊಂಡು ಅವನ ಮುಂದೆ ನಿಂತಿದ್ದರು. "ಯಾಕ್ ದಾದಮ್ಮ ಹೀಗ್ ಮಾಡ್ತೀರಿ?" ಎಂದ, ಬೇಡುವವನ ಹಾಗೆ. ಅವನು ಹತ್ತಿದ. ಈ ಸಲ ನಿಧಾನವಾಗಿ.

ಆಮೇಲಿನದ್ದು ಕರುಣೆಯಿಂದ ಎಷ್ಟು ಆಯಿತು, ಹಟದಿಂದ ಎಷ್ಟು, ಬರೀ ತಮಾಷೆಗೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ದಾದಮ್ಮ ಮಾತ್ರೆ ನುಂಗಬೇಕೆಂದು ಪಕ್ಕದವರು ಲೋಟ ಕೊಟ್ಟರು. ಅವರ ವಾಲ್ವು ಹೋಯಿತು. ಅವರ ಒಲೆಯ ಮೇಲಿನ ಪಾತ್ರೆ ತಳ ಹಿಡಿಯುತ್ತಿದೆಯೆಂದು ಮೇಲಿನವರು ಓಡಿಬಂದು ಸುರಿದರು. ಅವರದೂ ಹೋಯಿತು. ಯಾರೂ ಗುಟ್ಟಾಗಿ ಕೊಡಲಿಲ್ಲ. ಅಣ್ಣ ನೋಡುತ್ತಿದ್ದಾನೆಯೇ ಎಂದು ಖಾತ್ರಿ ಮಾಡಿಕೊಂಡೇ ಕೊಟ್ಟರು. ಪ್ರತಿ ಸಲವೂ ಅವನು ಹತ್ತಿದ. ಅಂಗಿ ಬೆನ್ನಿಗೆ ಅಂಟಿತ್ತು. ಕನ್ನಡಕದವಳು ಒಂದು ಸಲ ಅವನ ತೋಳು ಹಿಡಿದು, "ಸಾಕಣ್ಣ, ಕೂತ್ಕೋ" ಎಂದಳು. ಅವನು ತೋಳು ಬಿಡಿಸಿಕೊಂಡ, ಜೋರಾಗಿ ಅಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಬಿಸಿಲು ಏರುವಷ್ಟರಲ್ಲಿ ಟಿಕೆಟ್ ಸಾಹೇಬರ ವಾಲ್ವೊಂದೇ ಉಳಿದಿತ್ತು. ನೀರಿಲ್ಲದ ಮನೆಗಳಲ್ಲಿ ಇರಲಾರದೆ ಜನ ಒಬ್ಬೊಬ್ಬರಾಗಿ ತಾರಸಿಗೆ ಬಂದು ಅಣ್ಣನ ಸುತ್ತ ನಿಂತರು. ಯಾರೂ ಮೋಟಾರು ನಿಲ್ಲಿಸಿರಲಿಲ್ಲ. ಟ್ಯಾಂಕು ತುಂಬಿ ಅಂಚಿನಿಂದ ಸುರಿಯತೊಡಗಿತ್ತು. ಅಷ್ಟರಲ್ಲಿ ಸಾಹೇಬರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಏದುಸಿರು ಬಿಡುತ್ತಾ ಬಂದರು.

"ಫಿಟ್ಟರಣ್ಣ! ನಂದು ಮುಚ್ಬೇಡ! ನಾನ್ ಯಾರಿಗೂ ಒಂದ್ ತೊಟ್ಟು ಕೊಟ್ಟಿಲ್ಲ!"

"ಕೊಟ್ಟಿದ್ದು ನಾನು" ಎಂದರು ಅವರ ಹಿಂದೆಯೇ ಹತ್ತಿ ಬಂದ ಅವರ ಹೆಂಡತಿ. ಅವರ ದನಿಯನ್ನು ಕಟ್ಟಡದವರು ಅಷ್ಟು ಸ್ಪಷ್ಟವಾಗಿ ಹಿಂದೆ ಕೇಳಿರಲಿಲ್ಲ. "ದಾದಮ್ಮಂಗೆ ಒಂದ್ ಬಕೆಟ್ಟು."

"ಅವಳು ಕೊಟ್ಟಿದ್ದು ಲೆಕ್ಕಕ್ಕಿಲ್ಲ! ಮನೆಗೊಂದು ಕೊಡ ಅಂತ ತಾನೆ ನಿಯಮ? ನಮ್ಮನೆ ಕೊಡ ನಂದು!"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಅತ್ತಿಗೆ ಕೂಡ. ಕನ್ನಡಕದವಳಿಗೆ ನಗು ಬರಲಿಲ್ಲ. ಅಣ್ಣನಿಗೂ ಬರಲಿಲ್ಲ. ಅವನು ಗೂಡಿನೊಳಗೆ ಕೈ ಹಾಕಿ ಕೊನೆಯ ವಾಲ್ವಿನ ಹಿಡಿಯ ಮೇಲೆ ಬೆರಳಿಟ್ಟಿದ್ದ. ತಿರುಗಿಸಿದರೆ ಟ್ಯಾಂಕು ತುಂಬಿ ತುಳುಕುವ ಕಟ್ಟಡದಲ್ಲಿ ಒಂದು ಮನೆಗೂ ನೀರಿಲ್ಲ. ತಿರುಗಿಸದಿದ್ದರೆ ಬೆಳಗಿನಿಂದ ಮುಚ್ಚಿದ್ದೆಲ್ಲ ಅನ್ಯಾಯ. ನಗು ತಾನಾಗಿ ನಿಂತಿತು.

ಆಗ ಬಣ್ಣದವನು ಬಂದ. ಜನ ದಾರಿ ಬಿಟ್ಟರು. ಕೈ ಉಗುರಿನಲ್ಲೆಲ್ಲ ಬಿಳಿ ಬಣ್ಣ ಒಣಗಿತ್ತು. ಗೂಡಿನ ಮುಂದೆ ನಿಂತು, ಜಗಳಕ್ಕೆ ಮುಂಚಿನ ಹಾಗೆ ಅಣ್ಣ ಎಂದೇ ಮಾತಾಡಿಸಿದ.

"ಫಿಟ್ಟರಣ್ಣ, ಕೇಳ್ತೀನಿ ಕ್ಷಮೆ. ಎಲ್ಲರ ಮುಂದೇನೇ ಕೇಳ್ತೀನಿ. ನನ್ನಿಂದ ಇಷ್ಟು ಜನಕ್ಕೆ ತೊಂದ್ರೆ ಆಗೋದು ಬೇಡ."

ಅಣ್ಣ ತಲೆಯೆತ್ತಿದ. "ಹಾಗಾದ್ರೆ ನೀರು ಎಳೆದಿದ್ದು ನೀನೇ."

"ಅದನ್ನ ಹೇಳಿಲ್ಲ ನಾನು."

"ಎಳೆದ್ಯೋ ಇಲ್ವೋ?"

ಬಣ್ಣದವನು ಉಗುರಿನ ಬಣ್ಣ ಕೆರೆದ. "ನಿಂಗೆ ಕ್ಷಮೆ ಬೇಕಾ, ನಿಜ ಬೇಕಾ? ಎರಡೂ ಕೊಡಕ್ಕಾಗಲ್ಲಣ್ಣ. ಒಂದ್ ಕೇಳು. ಅದನ್ನ ಕೊಡ್ತೀನಿ."

ಟ್ಯಾಂಕಿನಿಂದ ಸುರಿಯುವ ನೀರು ಎಲ್ಲರ ಕಾಲ ಕೆಳಗೆ ಹರಡುತ್ತಿತ್ತು. ಯಾರೂ ಕಾಲು ಎತ್ತಲಿಲ್ಲ. ಕನ್ನಡಕದವಳು ಅಣ್ಣನ ಕುತ್ತಿಗೆಯ ಹಿಂಭಾಗವನ್ನು, ಅಲ್ಲಿ ದಾರ ಉಜ್ಜಿ ಕಪ್ಪಾದ ಗೆರೆಯನ್ನು ನೋಡುತ್ತಿದ್ದಳು. ಅವನು ಏನು ಕೇಳುತ್ತಾನೆ? ನಿಜ ಕೇಳಿದರೆ, ತಾನು ತಪ್ಪಿರಬಹುದೆಂದು ಒಪ್ಪಿದಂತೆ. ಕ್ಷಮೆಯೇ ಸಾಕೆಂದರೆ, ಇಷ್ಟು ದಿನ ನಿಜ ಬೇಕಿರಲಿಲ್ಲವೆಂದು ಒಪ್ಪಿದಂತೆ. ಅವನ ಬೆನ್ನು ಒಮ್ಮೆ ಏರಿ ಇಳಿಯಿತು.

ಅಣ್ಣ ಏನನ್ನೂ ಕೇಳಲಿಲ್ಲ. ಕೊನೆಯ ವಾಲ್ವಿನಿಂದ ಬೆರಳು ತೆಗೆದು, ಗೂಡಿನ ಆಚೆ ತುದಿಗೆ ಸರಿದು ಮಂಡಿಯೂರಿದ. ಮೊದಲು ಯಾವುದನ್ನು ತಿರುಗಿಸಿದನೋ, ಅವನ ಬೆನ್ನು ಅಡ್ಡವಿದ್ದುದರಿಂದ ಕಾಣಲಿಲ್ಲ. ಮುಚ್ಚಿದ್ದ ಏಳನ್ನೂ ಒಂದಾದ ಮೇಲೆ ಒಂದು ತೆರೆಯುತ್ತಾ ಹೋದ.

ಬೆಳಿಗ್ಗೆ ನೀರು ಬಂತೇ ಎಂದು ನೋಡಲು ಜನ ನಲ್ಲಿಗಳನ್ನು ತಿರುಗಿಸಿ ಹಾಗೆಯೇ ಬಿಟ್ಟು ಬಂದಿದ್ದರು. ಕೆಳಗೆ, ಯಾರೂ ಇಲ್ಲದ ಮನೆಗಳಲ್ಲಿ, ಮೊದಲು ಗಾಳಿ ಉಗುಳುವ ಸದ್ದು ಬಂತು. ಆಮೇಲೆ ಒಂದು ನಲ್ಲಿ ಖಾಲಿ ಬಕೆಟ್ಟಿಗೆ ಸುರಿಯಿತು. ಇನ್ನೊಂದು ಬರಿ ಕಲ್ಲಿಗೆ. ಇನ್ನೊಂದು ಪಾತ್ರೆಗಳ ಮೇಲೆ. ಮೆಟ್ಟಿಲ ಬಾವಿಯಿಂದ ಎಲ್ಲ ಸದ್ದೂ ಸೇರಿ ಮೇಲಕ್ಕೆ ಬಂತು. ಹೋಗಿ ನಿಲ್ಲಿಸಬೇಕೆಂದು ಸ್ವಲ್ಪ ಹೊತ್ತು ಯಾರೂ ಮಿಸುಕಲಿಲ್ಲ.

ಬಣ್ಣದವನು ನೀರು ಎಳೆದಿದ್ದನೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅಣ್ಣ ಅಂದು ತೆರೆದದ್ದು ಕ್ಷಮಿಸಿಯೋ, ಸೋತೋ, ಬರೀ ದಣಿದೋ, ಅವನು ಹೇಳಲಿಲ್ಲ. ಕನ್ನಡಕದವಳಿಗೆ ಕೇಳುವ ಧೈರ್ಯ ಬರಲಿಲ್ಲ.